ಎರಿ ಮಣ್ಣಿಗೆ ಎತ್ತರದ ಟೈರ್ ಸಾಕು, ಸ್ಪೇಸರ್ ಬೇಡ

ಹುಬ್ಬಳ್ಳಿಯಲ್ಲಿ ಪಿಕಪ್ ಇಟ್ಟುಕೊಂಡವರು ದೊಡ್ಡ ಟೈರ್ ಬಗ್ಗೆ ಮಾತೆತ್ತಿದರೆ ಸಾಕು, ಎದುರಿನವರು ಎರಡು ಮಾತು ಹೇಳಿಯೇ ಹೇಳುತ್ತಾರೆ. ಒಂದು, "ಅಗಲದ್ದು ಹಾಕಿಸ್ರಿ". ಇನ್ನೊಂದು, "ಜೊತೆಗೆ ಸ್ಪೇಸರ್ ಹಾಕಿಸ್ರಿ, ಗಾಡಿ ಗಟ್ಟಿಯಾಗಿ ನಿಲ್ತದ". ಸ್ಪೇಸರ್ ಅಂದರೆ ಗಾಲಿಯನ್ನು ಹೊರಗೆ ತರಲು ಅದರ ಹಿಂದೆ ಇಡುವ ಬಿಲ್ಲೆ. ಗೋಕುಲ ರಸ್ತೆ ಕಡೆ ನಾನು ವಿಚಾರಿಸಿದ ಅಂಗಡಿಗಳಲ್ಲೆಲ್ಲ ಹೆಚ್ಚು ಕಡಿಮೆ ಇದೇ ಸಲಹೆ ಸಿಕ್ಕಿತು. ನಾನು ಎರಡನ್ನೂ ಮಾಡಲಿಲ್ಲ. ಯಾಕೆ ಅಂತ ವಿವರವಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ಈ ಕಡೆ ಎರಿ ಹೊಲಕ್ಕೆ ಗಾಡಿ ಇಳಿಸುವವರಿಗೆ ಇದರಿಂದ ದುಡ್ಡೂ ಉಳಿಯುತ್ತದೆ, ಗಾಲಿಯೂ ಉಳಿಯುತ್ತದೆ.

ನನ್ನದು ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, 16 ಇಂಚಿನ ರಿಮ್ ಇರುವ ಹಳೆ ಮಾದರಿ. ಕಂಪನಿಯಿಂದ ಬಂದ ಟೈರ್ ಅಳತೆ 245/70 ಆರ್16. ವಾರವೆಲ್ಲ ಊರೊಳಗೆ ಮತ್ತು ಧಾರವಾಡದ ಬೈಪಾಸ್‌ನಲ್ಲಿ ಓಡುತ್ತದೆ, ವಾರದ ಕೊನೆಗೆ ಅಣ್ಣಿಗೇರಿ ಹತ್ತಿರದ ಹೊಲಕ್ಕೆ ಹೋಗುತ್ತದೆ, ಸುಗ್ಗಿ ಇದ್ದಾಗ ಅಮರಗೋಳದ ಎಪಿಎಂಸಿಗೆ ಚೀಲ ಹೊರುತ್ತದೆ. ಅಂದರೆ ಮುಕ್ಕಾಲು ಪಾಲು ಡಾಂಬರು, ಕಾಲು ಪಾಲು ಮಣ್ಣು. ಆದರೆ ಆ ಕಾಲು ಪಾಲಿನಲ್ಲೇ ಎಲ್ಲ ಕಷ್ಟ ಇರುವುದು. ಮುಂಗಾರಿ ಹೆಸರು ಬಿಡಿಸುವ ಆಗಸ್ಟ್ ಸೆಪ್ಟೆಂಬರ್ ಹೊತ್ತಿಗೆ ಮಳೆ ಕಾಡದೆ ಇರುವುದಿಲ್ಲ, ಹೊಲದ ದಾರಿ ಅಷ್ಟರಲ್ಲಿ ಟ್ರ್ಯಾಕ್ಟರ್ ಓಡಿ ಓಡಿ ಆಳದ ಜಾಡಾಗಿರುತ್ತದೆ, ಮಾಲು ಮನೆ ಸೇರದಿದ್ದರೆ ಕಾಳು ಕರ್ರಗಾಗುತ್ತದೆ.

ಮೊದಲು ಮಣ್ಣಿನ ಮಾತು. ಇದನ್ನು ಬಿಟ್ಟು ಟೈರ್ ಆರಿಸುವುದೇ ತಪ್ಪು ಅಂತ ನನ್ನ ಗಟ್ಟಿ ಅಭಿಪ್ರಾಯ. ನವಲಗುಂದ, ನರಗುಂದ, ಅಣ್ಣಿಗೇರಿ, ರೋಣ, ಕುಂದಗೋಳ, ಈ ಪಟ್ಟಿಯಲ್ಲೆಲ್ಲ ಕಪ್ಪು ಎರಿ ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಹಸಿ ಇದ್ದಾಗ ಅದು ಜಾರುವುದಷ್ಟೇ ಅಲ್ಲ, ಅಂಟುತ್ತದೆ. ಗಾಲಿ ಒಂದು ಸುತ್ತು ತಿರುಗಿದರೆ ಟೈರಿನ ಮೇಲೆ ಒಂದು ಪದರ, ಇನ್ನೊಂದು ಸುತ್ತಿಗೆ ಇನ್ನೊಂದು ಪದರ. ಹೀಗೆ ಬೆಳೆದು ಬೆಳೆದು ಟೈರಿಗೂ ಫೆಂಡರ್ ಒಳಗಿನ ಪ್ಲಾಸ್ಟಿಕ್‌ಗೂ ನಡುವೆ ಇರುವ ಜಾಗವೆಲ್ಲ ತುಂಬಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಎಂಜಿನ್ ಬಲ ಇದ್ದರೂ, ಫೋರ್ ವೀಲ್ ಇದ್ದರೂ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಗದಗ ದಾಟಿ ಕಪ್ಪತಗುಡ್ಡದ ಕಡೆ ಕೆಂಪು ಮಣ್ಣು, ಕಲ್ಲು ಜಾಸ್ತಿ, ಅಲ್ಲಿ ಈ ಸಮಸ್ಯೆ ಇಷ್ಟಿಲ್ಲ. ಹಾನಗಲ್ ಕಡೆ ಮಲೆನಾಡಿನ ಅಂಚಿನಲ್ಲಿ ಮತ್ತೆ ಬೇರೆ ಥರ. ನಮ್ಮ ಎರಿ ಹೊಲಕ್ಕೆ ಮಾತ್ರ ಟೈರಿನ ಸುತ್ತ ಖಾಲಿ ಜಾಗ ಇರುವುದು ಟೈರಿನಷ್ಟೇ ಮುಖ್ಯ.

ಹಾಗಾಗಿ ಅಗಲದ ಟೈರ್ ನಮಗೆ ಎರಡು ಕಡೆಯಿಂದ ಹೊಡೆತ. ಅಗಲ ಜಾಸ್ತಿಯಾದಷ್ಟೂ ಮುಂದಿರುವ ಕೆಸರನ್ನು ಜಾಸ್ತಿ ತಳ್ಳಬೇಕು, ಮತ್ತೆ ಎರಡೂ ಬದಿಯ ಖಾಲಿ ಜಾಗ ಕಡಿಮೆಯಾಗುತ್ತದೆ. ಎತ್ತರ ಜಾಸ್ತಿಯಾದರೆ ಹಾಗಲ್ಲ. ಟೈರ್ ನೆಲಕ್ಕೆ ತಾಗುವ ಜಾಗ ಉದ್ದಕ್ಕೆ ಬೆಳೆಯುತ್ತದೆ, ಆಕ್ಸಲ್ ಮೇಲೇಳುತ್ತದೆ, ಗುಂಡಿ ಹತ್ತುವುದು ಸುಲಭವಾಗುತ್ತದೆ. ನಮ್ಮ ಹಿರಿಯರ ಚಕ್ಕಡಿ ನೆನಪಿಸಿಕೊಳ್ಳಿ. ಆಳೆತ್ತರಕ್ಕೆ ಹತ್ತಿರದ ಗಾಲಿ, ಅಗಲ ಮಾತ್ರ ಕೆಲವೇ ಬೆರಳು. ಮೇಲಿನ ಕೆಸರನ್ನು ಕತ್ತರಿಸಿ ಕೆಳಗಿನ ಗಟ್ಟಿ ನೆಲಕ್ಕೆ ಇಳಿಯಲಿ ಅಂತಲೇ ಆ ಅಳತೆ. ಮರಳಿನಲ್ಲಿ ಓಡಿಸುವವರಿಗೆ ಅಗಲ ಬೇಕು, ಅದು ನಿಜ. ನಮ್ಮಲ್ಲಿ ಮರಳೆಲ್ಲಿದೆ?

ಈಗ ಲೆಕ್ಕ. ಟೈರ್ ಮೇಲಿನ 245/70 ಆರ್16 ಅಂದರೆ ಅಗಲ 245 ಮಿ.ಮೀ., ಬದಿಯ ಗೋಡೆಯ ಎತ್ತರ ಆ ಅಗಲದ 70 ಪ್ರತಿಶತ, ರಿಮ್ 16 ಇಂಚು. ಪೂರ್ತಿ ವ್ಯಾಸ ಬೇಕಾದರೆ ಎರಡು ಗೋಡೆ ಮತ್ತು ರಿಮ್ ಕೂಡಿಸಬೇಕು. 171.5ರ ಎರಡು ಪಟ್ಟು 343, ಜೊತೆಗೆ 16 ಇಂಚು ಅಂದರೆ 406.4, ಒಟ್ಟು ಸುಮಾರು 749 ಮಿ.ಮೀ. ಎಲ್ಲರೂ ಹೇಳುವ 265/70 ಆರ್16 ಹಾಕಿದರೆ 777. ಅಂದರೆ ವ್ಯಾಸ 28 ಮಿ.ಮೀ. ಜಾಸ್ತಿ, ಅಗಲ 20 ಮಿ.ಮೀ. ಜಾಸ್ತಿ. ಅದೇ 245/75 ಆರ್16 ಹಾಕಿದರೆ ವ್ಯಾಸ 774, ಅಗಲ ಮೊದಲಿನಷ್ಟೇ. ನೋಡಿ, ಎತ್ತರದಲ್ಲಿ 265ಕ್ಕೂ ಇದಕ್ಕೂ ಬರೀ 3 ಮಿ.ಮೀ. ವ್ಯತ್ಯಾಸ, ಆದರೆ ಅಗಲ ಒಂದಿಷ್ಟೂ ಹೆಚ್ಚಾಗಲಿಲ್ಲ! ಈ ಲೆಕ್ಕ ಕಾಗದದ ಮೇಲೆ ನೋಡಿದಾಗಲೇ ನನ್ನ ಮನಸ್ಸು ಗಟ್ಟಿಯಾಯಿತು. ಇನ್ನೊಂದು ಅನುಕೂಲ, 245/75 ಆರ್16 ಮಹೀಂದ್ರ ಥಾರ್‌ಗೆ ಬರುವ ಅಳತೆ, ಹಾಗಾಗಿ ಅದು ಅಪರೂಪದ ಮಾಲಲ್ಲ. ನಾಳೆ ಹಾವೇರಿಯಲ್ಲೋ ರಾಣೆಬೆನ್ನೂರಿನಲ್ಲೋ ಟೈರ್ ಹರಿದರೆ ಬೆಂಗಳೂರಿನಿಂದ ತರಿಸಿಕೊಂಡು ಕಾಯಬೇಕಾಗಿಲ್ಲ.

265/75 ಆರ್16 ಹಾಕಿಸಿ ಅನ್ನುವವರೂ ಇದ್ದಾರೆ. ಅದು 804 ಮಿ.ಮೀ., ಅಂದರೆ ಮೂಲಕ್ಕಿಂತ ಏಳು ಪ್ರತಿಶತ ದೊಡ್ಡದು. ಅಲ್ಲಿಗೆ ಸಸ್ಪೆನ್ಷನ್ ಎತ್ತರಿಸುವುದು, ಪ್ಲಾಸ್ಟಿಕ್ ಕತ್ತರಿಸುವುದು, ಬ್ರೇಕ್ ತಡವಾಗಿ ಹಿಡಿಯುವುದು, ಎಲ್ಲ ಒಂದರ ಹಿಂದೆ ಒಂದು ಬರುತ್ತದೆ. ಹೊಲಕ್ಕೆ ಹೋಗಿ ಬರುವ ಗಾಡಿಗೆ ಅದು ಬೇಡವೇ ಬೇಡ ಅನ್ನಿಸುತ್ತದೆ.

ವ್ಯಾಸ ಬೆಳೆದರೆ ಏನೇನು ಬದಲಾಗುತ್ತದೆ ಅಂತ ಕೊಳ್ಳುವ ಮುಂಚೆಯೇ ತಿಳಿದಿರಬೇಕು. 24.5 ಮಿ.ಮೀ. ವ್ಯಾಸ ಹೆಚ್ಚಾದರೆ ಗಾಡಿ ಏಳುವುದು ಅದರ ಅರ್ಧ, ಅಂದರೆ ಸುಮಾರು 12 ಮಿ.ಮೀ. ಮಾತ್ರ. ಸ್ಪೀಡೋಮೀಟರ್ ಮೊದಲು ಸರಿಯಾಗಿ 100 ತೋರಿಸುತ್ತಿತ್ತು ಅಂತಿಟ್ಟುಕೊಂಡರೆ, ಈಗ 100 ತೋರಿಸುವಾಗ ಗಾಡಿ ನಿಜಕ್ಕೂ 103ರ ಮೇಲೆ ಇರುತ್ತದೆ. ಓಡಿದ ಕಿಲೋಮೀಟರ್ ಕೂಡ ಅಷ್ಟೇ ಪಾಲು ಕಡಿಮೆ ತೋರಿಸುತ್ತದೆ, ಹಾಗಾಗಿ ಮೈಲೇಜ್ ನಿಜಕ್ಕಿಂತ ಕಡಿಮೆ ಬಂದಂತೆ ಕಾಣುತ್ತದೆ. ಗೇರ್ ಸ್ವಲ್ಪ ಉದ್ದವಾದಂತಾಗುತ್ತದೆ, ಚೀಲ ತುಂಬಿಕೊಂಡು ಅರಬೈಲ್ ಘಾಟ್ ಹತ್ತುವಾಗ ಮೊದಲಿಗಿಂತ ಒಂದು ಗೇರ್ ಕೆಳಗೆ ಬೇಗ ಇಳಿಸಬೇಕಾಗುತ್ತದೆ. ಮೂರು ಪ್ರತಿಶತದ ಆಸುಪಾಸಿನಲ್ಲಿ ಇದೆಲ್ಲ ಸಹಿಸಿಕೊಳ್ಳುವಷ್ಟೇ ಇರುತ್ತದೆ.

ಅಳತೆಯಾದ ಮೇಲೆ ಟೈರಿನ ಜಾತಿ. ಎಚ್‌ಟಿ ಅಂದರೆ ಹೈವೇಗೆ, ಎಂಟಿ ಅಂದರೆ ಪೂರ್ತಿ ಕೆಸರಿಗೆ, ಎಟಿ ಎರಡರ ನಡುವಿನದು. ಎರಿ ಮಣ್ಣಿಗೆ ನಿಜವಾಗಿ ಎಂಟಿಯೇ ಬೇಕು, ಅದರ ಮೈಮೇಲಿನ ದೊಡ್ಡ ಗುಬಟೆಗಳ, ಅಂದರೆ ರಬ್ಬರ್ ಉಬ್ಬುಗಳ ನಡುವಿನ ಮಣ್ಣು ತಿರುಗುವ ರಭಸಕ್ಕೆ ಸಿಡಿದು ಹೋಗುತ್ತದೆ. ಆದರೆ ನನ್ನ ಮುಕ್ಕಾಲು ಓಟ ಡಾಂಬರಿನ ಮೇಲೆ. ಎಂಟಿ ಅಲ್ಲಿ ಗುಂಯ್ ಅಂತ ಸದ್ದು ಮಾಡುತ್ತದೆ, ಬೇಗ ಸವೆಯುತ್ತದೆ, ಅದಕ್ಕಿಂತ ಮುಖ್ಯವಾಗಿ ಮಳೆಯಲ್ಲಿ ನೆಂದ ಹೈವೇ ಮೇಲೆ ಬ್ರೇಕ್ ಹಿಡಿತ ಕಡಿಮೆ. ಮನೆಯವರನ್ನು ಕೂರಿಸಿಕೊಂಡು ಮಳೆಯಲ್ಲಿ ಬೈಪಾಸ್‌ನಲ್ಲಿ ಹೋಗುವ ಗಾಡಿ ಇದು. ಎಟಿ ತೆಗೆದುಕೊಂಡೆ. ಹೊಲದಲ್ಲಿ ಗಾಳಿ ಇಳಿಸಿ ಕೊರತೆ ತುಂಬಿಕೊಳ್ಳುತ್ತೇನೆ, ಅದರ ಮಾತು ಆಮೇಲೆ.

ಭಾರದ ಅಂಕಿ ನೋಡುವುದನ್ನು ಮಾತ್ರ ಮರೆಯಬೇಡಿ, ಪಿಕಪ್ ಇರುವುದೇ ಹೊರೆ ಹೊರಲಿಕ್ಕೆ. ಅಳತೆಯ ಪಕ್ಕ 111ಎಸ್ ಅಂತ ಇದ್ದರೆ 111 ಅನ್ನುವುದು ಒಂದು ಟೈರ್ 1,090 ಕಿಲೋ ಹೊರುತ್ತದೆ ಅನ್ನುವ ಸಂಕೇತ, ಎಸ್ ಅಂದರೆ ಗಂಟೆಗೆ 180 ಕಿ.ಮೀ. ವರೆಗಿನ ವೇಗ. 107 ಅಂತಿದ್ದರೆ 975 ಕಿಲೋ ಮಾತ್ರ. ಹೊಸ ಟೈರಿನ ಅಂಕಿ ಹಳೆಯದಕ್ಕಿಂತ ಕಡಿಮೆ ಇರಬಾರದು, ಎಷ್ಟೇ ಅಗ್ಗಕ್ಕೆ ಕೊಟ್ಟರೂ. ಬದಿಯಲ್ಲಿ ಡಾಟ್ ಗುರುತಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ, 2324 ಅಂತಿದ್ದರೆ 2024ರ 23ನೇ ವಾರ ತಯಾರಾಗಿದ್ದು. ಅಂಗಡಿಯ ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದಿದ್ದ ಮಾಲನ್ನು ಹೊಸ ರೇಟಿಗೆ ಕೊಳ್ಳಬೇಡಿ. ಮತ್ತೆ ವಿ-ಕ್ರಾಸ್ ಥರದ ಗಾಡಿಗಳಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ ಹಿಂದಿನ ಆಕ್ಸಲ್ ಒಂದಕ್ಕೊಂದು ಬಿಗಿಯಾಗಿ ಕೂಡುತ್ತವೆ, ಎರಡರ ವೇಗದ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ನಡುವೆ ಇಲ್ಲ. ಮುಂದೆ ಒಂದು ಅಳತೆ, ಹಿಂದೆ ಒಂದು ಅಳತೆ ಹಾಕಿದರೆ ಎರಡೂ ಆಕ್ಸಲ್‌ಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಹಾಳಾಗುತ್ತದೆ. ನಾಲ್ಕೂ ಒಟ್ಟಿಗೆ ಬದಲಾಯಿಸಿ, ಸಾಧ್ಯವಾದರೆ ಐದನೆಯದನ್ನೂ. ಸ್ಟೆಪ್ನಿ ಗಾಡಿಯ ಅಡಿಯಲ್ಲಿ ಮೊದಲಿನಂತೆ ಕೂರುತ್ತದೆಯೇ ಅಂತ ಅಂಗಡಿ ಬಿಡುವ ಮುಂಚೆಯೇ ನೋಡಿ.

ಈಗ ಸ್ಪೇಸರ್. ನಾನು ಇಷ್ಟುದ್ದ ಬರೆಯಲು ಇದೇ ಮುಖ್ಯ ಕಾರಣ.

ಸ್ಪೇಸರ್ ಅಂದರೆ ಗಾಲಿ ಬಿಗಿಯುವ ಹಬ್‌ಗೂ ರಿಮ್‌ಗೂ ನಡುವೆ ಇಡುವ ದಪ್ಪ ಬಿಲ್ಲೆ. ಗಾಲಿ ಅಷ್ಟು ಹೊರಗೆ ಬರುತ್ತದೆ. ಎರಡು ಥರ ಇವೆ. ತೆಳ್ಳನೆಯದು ಹಬ್‌ನ ಹಳೆ ಸ್ಟಡ್ (ಗಾಲಿಯ ನಟ್ ಕೂರುವ ಬೋಲ್ಟ್) ಮೇಲೇ ಕೂರುತ್ತದೆ. 25, 30 ಮಿ.ಮೀ.ಯ ದಪ್ಪದ್ದನ್ನು ಮೊದಲು ಹಬ್‌ಗೆ ಬಿಗಿದು, ಅದರದ್ದೇ ಸ್ಟಡ್‌ಗಳ ಮೇಲೆ ಗಾಲಿ ಬಿಗಿಯುತ್ತಾರೆ. ಒಳ್ಳೆಯ ಕೆಲಸ ಇರುವ ಸ್ಪೇಸರ್‌ಗಳು ಇವೆ, ಅವುಗಳಿಗೆ ನ್ಯಾಯವಾದ ಉಪಯೋಗವೂ ಇದೆ. ತಿರುಗಿಸಿದಾಗ ಟೈರ್ ಒಳಗಡೆ ಸಸ್ಪೆನ್ಷನ್‌ನ ಮೇಲಿನ ಕಂಟ್ರೋಲ್ ಆರ್ಮ್‌ಗೋ ಹಿಂದೆ ಪಾಟಾಗಳಿಗೋ (ಲೀಫ್ ಸ್ಪ್ರಿಂಗ್) ತಿಕ್ಕುತ್ತಿದ್ದರೆ ಅದನ್ನು ಹೊರಗೆ ತರಲು ಸ್ಪೇಸರ್ ಬೇಕಾಗಬಹುದು. ಆದರೆ ದೊಡ್ಡ ಟೈರ್ ಮೊದಲು ತಿಕ್ಕುವುದು ಅಲ್ಲಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಬಂಪರ್ ಮೂಲೆಗೆ, ಹಿಂದೆ ಮಡ್‌ಫ್ಲ್ಯಾಪ್‌ಗೆ, ಫೆಂಡರ್ ಅಂಚಿಗೆ ತಿಕ್ಕುತ್ತದೆ. ಗಾಲಿಯನ್ನು ಹೊರಗೆ ತಂದರೆ ತಿರುಗುವಾಗ ಅದು ಬೀಸುವ ವೃತ್ತ ಇನ್ನೂ ದೊಡ್ಡದಾಗುತ್ತದೆ, ಇದೇ ಜಾಗಗಳಿಗೆ ಇನ್ನೂ ಜೋರಾಗಿ ತಿಕ್ಕುತ್ತದೆ. ಅಂದರೆ ತಿಕ್ಕಬಾರದು ಅಂತ ಹಾಕಿದ್ದೇ ತಿಕ್ಕಿಸುತ್ತದೆ. ನನ್ನ 245/75ಕ್ಕೆ ಅಗಲವೇ ಬೆಳೆದಿಲ್ಲ, ಹಾಗಿರುವಾಗ ಒಳಗಡೆ ತಿಕ್ಕುವ ಪ್ರಶ್ನೆಯೇ ಬರಲಿಲ್ಲ.

ಗಾಡಿ ಗಟ್ಟಿಯಾಗಿ ನಿಲ್ಲುತ್ತದೆ ಅನ್ನುವ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ, ಒಪ್ಪುತ್ತೇನೆ. ಎರಡೂ ಬದಿ 30 ಮಿ.ಮೀ. ಹಾಕಿದರೆ ಗಾಲಿಗಳ ನಡುವಿನ ಅಂತರ 60 ಮಿ.ಮೀ. ಹೆಚ್ಚುತ್ತದೆ. ಆದರೆ ಮೂಲ ಅಂತರವೇ ಒಂದೂವರೆ ಮೀಟರ್‌ಗಿಂತ ಜಾಸ್ತಿ ಇರುವಾಗ ಇದು ಎಷ್ಟು ಪಾಲು? ಅಷ್ಟು ಲಾಭಕ್ಕೆ ಕೊಡುವ ಬೆಲೆ ನೋಡಿ. ಗಾಡಿಯ ಭಾರ ನೆಲಕ್ಕೆ ಮುಟ್ಟುವ ಜಾಗ ಬೇರಿಂಗ್‌ನಿಂದ ದೂರ ಹೋಗುತ್ತದೆ, ಪ್ರತಿ ಗುಂಡಿಯ ಹೊಡೆತವೂ ಅಷ್ಟು ಉದ್ದದ ಸನ್ನೆಯಿಂದ ಬೇರಿಂಗ್ ಮೇಲೆ, ಬಾಲ್ ಜಾಯಿಂಟ್ ಮೇಲೆ ಬೀಳುತ್ತದೆ. ಮುಂದಿನ ಗಾಲಿ ಗುಂಡಿಗೆ ಇಳಿದರೆ ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡ ಹಾಗೆ ಎಳೆಯುತ್ತದೆ. ಹೊರಗೆ ಚಾಚಿದ ಟೈರ್ ಬಾಗಿಲಿಗೆ, ಕನ್ನಡಿಗೆ, ಪಕ್ಕದಲ್ಲಿ ಹೋಗುವ ಬೈಕಿನವರ ಮುಖಕ್ಕೆ ಕೆಸರು ಎರಚುತ್ತದೆ. ನಮ್ಮ ಗುಂಡಿಗಳ ರಸ್ತೆಯಲ್ಲಿ ಇದು ದಿನದಿನದ ಹೊಡೆತ.

ಅದಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಲೇತ್ ಮೇಲೆ ತಿರುವಿದ ಸ್ಪೇಸರ್. ಅಗ್ಗ, ಒಂದೇ ದಿನದಲ್ಲಿ ಸಿಗುತ್ತದೆ. ನಮ್ಮ ಸಂಬಂಧಿಕರೊಬ್ಬರ ಗಾಡಿಯಲ್ಲಿ ಹಾಕಿದ್ದನ್ನು ಬಿಚ್ಚಿಸಿ ನೋಡಿದೆವು. ನಡುವಿನ ತೂತು ಹಬ್‌ಗಿಂತ ದೊಡ್ಡದಿತ್ತು, ಮೈ ಸಪಾಟಾಗಿರಲಿಲ್ಲ, ಎರಡು ಸ್ಟಡ್‌ಗಳ ಬುಡದಲ್ಲಿ ಆಗಲೇ ಸವೆತದ ಗುರುತು. ಗದಗ ರಸ್ತೆಯಲ್ಲಿ ಎಂಬತ್ತರ ವೇಗದಲ್ಲಿ ಆ ಗಾಡಿ ನಡುಗುತ್ತಿದ್ದದ್ದು ಯಾಕೆ ಅಂತ ಆಗ ತಿಳಿಯಿತು. ಗಾಲಿಯನ್ನು ಹಿಡಿದಿಡುವುದು ಸ್ಟಡ್‌ನ ಕಬ್ಬಿಣವಷ್ಟೇ ಅಲ್ಲ. ನಟ್ ಬಿಗಿದಾಗ ರಿಮ್ ಮತ್ತು ಹಬ್ ಒಂದಕ್ಕೊಂದು ಒತ್ತಿಕೊಂಡು ಹುಟ್ಟುವ ಹಿಡಿತವೇ ಮುಖ್ಯ. ನಡುವೆ ಸೊಟ್ಟ ಬಿಲ್ಲೆ ಬಂದರೆ ಆ ಹಿಡಿತ ಸಡಿಲವಾಗುತ್ತದೆ, ಗಾಲಿ ಕೂದಲೆಳೆಯಷ್ಟು ಅಲುಗುತ್ತದೆ, ಸ್ಟಡ್ ಹಿಂದೆ ಮುಂದೆ ಬಾಗಿ ಬಾಗಿ ದಣಿದು ಒಂದು ದಿನ ತುಂಡಾಗುತ್ತದೆ.

"ಫಾರ್ಚುನರ್‌ದು ನಿಮ್ಮ ಗಾಡಿಗೂ ಕೂಡ್ತದ" ಅಂತ ಯಾರಾದರೂ ಅಂದರೆ ನಂಬಬೇಡಿ. ಟೊಯೊಟಾದ ಫಾರ್ಚುನರ್, ಹೈಲಕ್ಸ್, ನಮ್ಮ ವಿ-ಕ್ರಾಸ್ ಮೂರಕ್ಕೂ ಆರು ಸ್ಟಡ್, ಅವು ಕೂರುವ ವೃತ್ತದ ವ್ಯಾಸ 139.7 ಮಿ.ಮೀ., ಹಾಗಾಗಿ ತೂತುಗಳು ಸರಿಯಾಗಿ ಕೂಡುತ್ತವೆ. ಆದರೆ ಟೊಯೊಟಾದ ಹಬ್ ತೂತು 106.1 ಮಿ.ಮೀ., ಇಸುಜುದ್ದು ಸುಮಾರು 100. ನಡುವೆ ಉಳಿಯುವ ಆ ಸಂದಿನಿಂದ ಸ್ಪೇಸರ್ ಹಬ್ ಮೇಲೆ ಕೂರುವುದೇ ಇಲ್ಲ, ಬರೀ ಸ್ಟಡ್‌ಗಳೇ ಅದನ್ನು ನಡುವಿಗೆ ಹಿಡಿಯಬೇಕಾಗುತ್ತದೆ.

ಹಾಕಲೇಬೇಕು ಅನ್ನುವ ಪರಿಸ್ಥಿತಿ ಇದ್ದವರು ತಮ್ಮ ಗಾಡಿಯ ಹಬ್ ಅಳತೆಗೇ ಮಾಡಿದ, ಫೋರ್ಜ್ ಮಾಡಿದ ಅಲ್ಯೂಮಿನಿಯಂನ, ಹೆಸರಿರುವ ಕಂಪನಿಯ ಸ್ಪೇಸರ್ ಮಾತ್ರ ತರಿಸಿಕೊಳ್ಳಿ. ತೆಳ್ಳನೆಯದಾದರೆ ನಟ್ ಎಷ್ಟು ಸುತ್ತು ಹಿಡಿಯುತ್ತದೆ ಅಂತ ಎಣಿಸಿ. ಸ್ಟಡ್ ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದ ಹಿಡಿಯಬೇಕು. 12 ಮಿ.ಮೀ. ಸ್ಟಡ್, 1.5 ಪಿಚ್ (ಒಂದು ಸುತ್ತಿಗೆ ನಟ್ ಸರಿಯುವ ಮಿ.ಮೀ.) ಇದ್ದರೆ ಎಂಟು ಸುತ್ತು. ದಪ್ಪದ್ದಾದರೆ ಹಬ್‌ನ ಹಳೆ ಸ್ಟಡ್ ತುದಿ ಸ್ಪೇಸರ್ ಮೈಯಿಂದ ಹೊರಗೆ ಇಣುಕಬಾರದು, ಇಣುಕಿದರೆ ರಿಮ್ ಪೂರ್ತಿ ಕೂರುವುದಿಲ್ಲ. ಹಬ್ ಮೇಲಿನ ತುಕ್ಕು ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು, ಗ್ರೀಸ್ ಹಚ್ಚಬಾರದು, ಇಂಪ್ಯಾಕ್ಟ್ ಗನ್ ಬಿಟ್ಟು ಟಾರ್ಕ್ ರೆಂಚ್‌ನಿಂದ ಕೈಪಿಡಿಯಲ್ಲಿ ಕೊಟ್ಟ ಅಂಕಿಗೆ ಬಿಗಿಯಬೇಕು. 50ರಿಂದ 100 ಕಿ.ಮೀ. ಓಡಿದ ಮೇಲೆ ಗಾಲಿ ಬಿಚ್ಚಿ ಒಳಗಿನ ನಟ್‌ಗಳನ್ನು ಮತ್ತೆ ನೋಡಬೇಕು. ಒಳಗಿನ ಈ ನಟ್‌ಗಳು ಹೊರಗಿನಿಂದ ಕಾಣುವುದೇ ಇಲ್ಲ, ಹಾಗಾಗಿ ಯಾರೂ ನೋಡುವುದೂ ಇಲ್ಲ. ಇದೇ ನನಗೆ ಇದರಲ್ಲಿ ಎಲ್ಲಕ್ಕಿಂತ ಹಿಡಿಸದ ವಿಷಯ.

ಕಾನೂನು ಕೂಡ ಗೊತ್ತಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಾಯಿಸುವ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಿಂದ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಟೈರ್ ಅಳತೆಯ ವಿಷಯಕ್ಕೂ ಪ್ರಶ್ನೆ ಬರಬಹುದು ಅಂತಲೇ ನಾನು ವಿಮೆ ಕಂಪನಿಗೆ ಮೊದಲೇ ಬರೆದು ತಿಳಿಸಿ ಉತ್ತರ ಇಟ್ಟುಕೊಂಡಿದ್ದೇನೆ. ಈ ತಕರಾರೇ ಬೇಡ ಅನ್ನುವವರು 245/70ರಲ್ಲೇ ಒಳ್ಳೆಯ ಎಟಿ ಹಾಕಿಸಿಕೊಳ್ಳಿ. ಅರ್ಧಕ್ಕಿಂತ ಜಾಸ್ತಿ ಲಾಭ ಅದರಲ್ಲೇ ಸಿಗುತ್ತದೆ, ನಿಜವಾಗಿ ಹೇಳುತ್ತೇನೆ.

ಟೈರ್ ಹಾಕಿಸಿದ ಮೇಲೆ ತಿಕ್ಕುತ್ತದೆಯೇ ಅಂತ ಸಪಾಟು ನೆಲದ ಮೇಲೆ ನೋಡಿದರೆ ಗೊತ್ತಾಗುವುದಿಲ್ಲ. ಒಂದು ಮುಂದಿನ ಗಾಲಿಯನ್ನು ಬದುವಿನ ಮೇಲೋ ಗಟ್ಟಿ ಕಲ್ಲಿನ ಮೇಲೋ ಹತ್ತಿಸಿ, ಸ್ಟೇರಿಂಗ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿ. ಟೈರಿನ ಭುಜಕ್ಕೆ ಸೀಮೆಸುಣ್ಣ ಬಳಿದರೆ ಎಲ್ಲಿ ತಾಗಿತು ಅಂತ ಪ್ಲಾಸ್ಟಿಕ್ ಮೇಲೆ ಬಿಳಿ ಗೆರೆ ಸಿಗುತ್ತದೆ. ನನ್ನದರಲ್ಲಿ ಬರೀ ಮಡ್‌ಫ್ಲ್ಯಾಪ್ ಹತ್ತಿರ ಬಿಗಿ ಇತ್ತು, ಅದರ ಸ್ಕ್ರೂ ಸಡಿಲಿಸಿ ಸ್ವಲ್ಪ ಹಿಂದಕ್ಕೆ ಸರಿಸಿದ್ದಕ್ಕೆ ಸರಿಹೋಯಿತು. ಅಲೈನ್‌ಮೆಂಟ್ ಅದೇ ದಿನ ಮಾಡಿಸಿ.

ಗಾಳಿಯ ಮಾತು ಬಾಕಿ ಇತ್ತಲ್ವಾ. ರಸ್ತೆಯಲ್ಲಿ ಬಾಗಿಲ ಕಂಬದ ಮೇಲಿನ ಸ್ಟಿಕ್ಕರ್ ಹೇಳಿದಷ್ಟು, ಚೀಲ ತುಂಬಿದಾಗ ಹಿಂದಿನದಕ್ಕೆ ಅದರಲ್ಲೇ ಕೊಟ್ಟಿರುವ ಜಾಸ್ತಿ ಅಂಕಿ. ಹಸಿ ಎರಿಗೆ ಇಳಿಯುವ ಮುಂಚೆ ಖಾಲಿ ಗಾಡಿಯಲ್ಲಿ ನಾಲ್ಕೂ ಟೈರ್ 20 ಪಿಎಸ್‌ಐ ಹತ್ತಿರಕ್ಕೆ ಇಳಿಸುತ್ತೇನೆ, ಟೈರ್ ಉದ್ದಕ್ಕೆ ಚಪ್ಪಟೆಯಾಗಿ ಹಿಡಿತ ಎದ್ದು ಕಾಣುವಷ್ಟು ಬದಲಾಗುತ್ತದೆ. ಆ ಗಾಳಿಯಲ್ಲಿ ನಿಧಾನಕ್ಕೇ ಓಡಿಸಬೇಕು, ಗಬಕ್ಕನೆ ತಿರುಗಿಸಿದರೆ ಟೈರ್ ರಿಮ್ ಬಿಟ್ಟು ಕಳಚುತ್ತದೆ. ಡಾಂಬರು ರಸ್ತೆಗೆ ಹತ್ತುವ ಮುಂಚೆ ಮತ್ತೆ ತುಂಬಿಸಲೇಬೇಕು, ಹಾಗಾಗಿ ಬ್ಯಾಟರಿಗೆ ಕೂಡಿಸುವ ಒಂದು ಒಳ್ಳೆಯ ಕಂಪ್ರೆಸರ್ ಮತ್ತು ಗೇಜ್ ಗಾಡಿಯಲ್ಲೇ ಇರುತ್ತವೆ. ಸ್ಪೇಸರ್‌ಗೆ ಅಂತ ತೆಗೆದಿಟ್ಟ ದುಡ್ಡಿನಲ್ಲಿ ಕೊಂಡದ್ದು ಇವೆರಡನ್ನೇ.